ಕೋಶ ಮತ್ತು ಮೈತ್ರಿ: ಜಪಾನಿನ ದೃಷ್ಟಾಂತ

ರಾಜ್ಯದ ಸಪ್ತಾಂಗಗಳನ್ನು ಎಣಿಸುವಲ್ಲಿ ಕೌಟಿಲ್ಯನು ಕೋಶವನ್ನು ದಂಡಕ್ಕೂ ಮಿತ್ರನಿಗೂ ಮೊದಲು ಇರಿಸಿರುವನು. ಬೊಕ್ಕಸವು ಬರಿದಾದ ರಾಜ್ಯದಲ್ಲಿ ಸೈನ್ಯವು ನಿಲ್ಲದು, ಸ್ನೇಹಿತರೂ ಒದಗರು. ಆದರೆ ತುಂಬಿದ ಬೊಕ್ಕಸವು ಹೊಸ ಹಸಿವನ್ನೂ ಹುಟ್ಟಿಸುವುದುಂಟು. ಈ ಎರಡಕ್ಕೂ ಜಪಾನಿನ ಚರಿತ್ರೆಯು ಸ್ಫುಟವಾದ ನಿದರ್ಶನವಾಗಿದೆ.

1853ರಲ್ಲಿ ಅಮೆರಿಕದ ನೌಕಾಧಿಪತಿ ಪೆರ್ರಿಯು ಯುದ್ಧನೌಕೆಗಳೊಡನೆ ಬಂದು, ಆ ದೇಶವು ತನ್ನ ರೇವುಗಳನ್ನು ತೆರೆಯಬೇಕೆಂದು ಒತ್ತಾಯಪಡಿಸಿದನು. 1858ರಲ್ಲಿ ಐದು ಪಾಶ್ಚಾತ್ಯ ರಾಷ್ಟ್ರಗಳೊಡನೆ ಆದ ಒಡಂಬಡಿಕೆಗಳಿಂದ ಜಪಾನು ಸುಂಕವನ್ನು ಸ್ವೇಚ್ಛೆಯಿಂದ ವಿಧಿಸುವ ಹಕ್ಕನ್ನೂ, ಆ ರಾಷ್ಟ್ರಗಳ ಪ್ರಜೆಗಳ ಅಪರಾಧಗಳನ್ನು ತನ್ನ ನ್ಯಾಯಸ್ಥಾನಗಳಲ್ಲಿ ವಿಚಾರಿಸುವ ಹಕ್ಕನ್ನೂ ಕಳೆದುಕೊಂಡಿತು. 1871ರಲ್ಲಿ ಹೊರಟ ಇವಾಕುರನ ರಾಯಭಾರವು ಇವುಗಳನ್ನು ತಿದ್ದಿಸಲು ಯತ್ನಿಸಿ ಬರಿಗೈಯಲ್ಲಿ ಮರಳಿತು. ಬಡವನ ಕೋಪ ದವಡೆಗೆ ಮೂಲವೆಂಬುದನ್ನು ಅರಿತ ಅಲ್ಲಿನ ಮುತ್ಸದ್ದಿಗಳು ಕೋಪವನ್ನು ನುಂಗಿಕೊಂಡು ಕೈಗಾರಿಕೆಗಳನ್ನು ಬೆಳೆಸತೊಡಗಿದರು.

1872ರಲ್ಲಿ ತೊಮಿಯೊಕದಲ್ಲಿ ಸರಕಾರದ ರೇಷ್ಮೆಯ ಕಾರ್ಖಾನೆಯು ಆರಂಭವಾಯಿತು. ರೇಷ್ಮೆಯನ್ನು ಮಾರಿದ ಹಣವು ಯಂತ್ರಗಳನ್ನು ಕೊಳ್ಳಲು ನೆರವಾಯಿತು. 1893ರಲ್ಲಿ ಜಪಾನಿನ ಹಡಗುಗಳು ಹತ್ತಿಗಾಗಿ ಮುಂಬಯಿಗೆ ಕ್ರಮವಾಗಿ ಬರತೊಡಗಿದವು. ಉದ್ಯಮವೂ ಸೈನ್ಯವೂ ಬಲಿತು, ನ್ಯಾಯವಿಧಿಗಳೂ ಸುಧಾರಿಸಿದ ಮೇಲೆ ಪರರಾಷ್ಟ್ರಗಳ ಧೋರಣೆಯು ಬದಲಾಯಿತು. 1894ರಲ್ಲಿ ಬ್ರಿಟನ್ನು ನ್ಯಾಯವಿಚಾರಣೆಯ ವಿಶೇಷಾಧಿಕಾರವನ್ನು ಬಿಟ್ಟುಕೊಡಲು ಒಪ್ಪಿತು. 1902ರಲ್ಲಿ ಅದೇ ಬ್ರಿಟನ್ನು ಜಪಾನಿನೊಡನೆ ಮೈತ್ರಿಯನ್ನು ಬೆಳೆಸಿತು. 1911ರಲ್ಲಿ ಸುಂಕದ ಸ್ವಾತಂತ್ರ್ಯವೂ ಪೂರ್ಣವಾಗಿ ಕೈಸೇರಿತು.

ಇಲ್ಲಿಂದ ಮುಂದೆ ಹಸಿವಿನ ಕಥೆ. ಯಂತ್ರಗಳಿಗೆ ಕಬ್ಬಿಣವೂ ಎಣ್ಣೆಯೂ ಬೇಕು; ಆ ದ್ವೀಪಗಳಲ್ಲಿ ಅವು ತೀರ ವಿರಳ. ಕೊಂಡು ತರುವುದಕ್ಕಿಂತ ಗೆದ್ದು ತರುವುದೇ ಕ್ಷೇಮವೆಂದು ಸೇನಾನಾಯಕರು ಬಗೆದರು. 1931ರಲ್ಲಿ ಮಂಚೂರಿಯವನ್ನು ಆಕ್ರಮಿಸಿದರು. 1937ರಲ್ಲಿ ಚೀನಾದೇಶದೊಡನೆ ಮಹಾಯುದ್ಧಕ್ಕೆ ತೊಡಗಿದರು. ಸೋಜಿಗವೆಂದರೆ, ಈ ಯುದ್ಧಕ್ಕೆ ಬೇಕಾದ ಎಣ್ಣೆಯ ಬಹುಭಾಗವು ಅಮೆರಿಕದಿಂದಲೇ ಬರುತ್ತಿದ್ದಿತು. 1941ರಲ್ಲಿ ಜಪಾನೀ ಸೈನ್ಯವು ದಕ್ಷಿಣ ಇಂಡೋಚೀನಕ್ಕೆ ನುಗ್ಗಲು ಅಮೆರಿಕವು ಎಣ್ಣೆಯನ್ನು ನಿಲ್ಲಿಸಿತು. ಅದೇ ಡಿಸೆಂಬರಿನಲ್ಲಿ ಪರ್ಲ್ ಹಾರ್ಬರಿನ ಮೇಲೆ ದಾಳಿಯಾಯಿತು. 1945ರಲ್ಲಿ ನಗರಗಳು ಬೂದಿಯಾಗಿ, ಶರಣಾಗತಿಯೊಂದೇ ಉಳಿಯಿತು.

ಯುದ್ಧಾನಂತರದಲ್ಲಿ ವಾಣಿಜ್ಯದಿಂದಲೇ ಮತ್ತೆ ಸಮೃದ್ಧವಾದ ಜಪಾನಿಗೆ 1973ರಲ್ಲಿ ಹಳೆಯ ಸಂಕಟವೇ ಮರಳಿ ಒದಗಿತು. ಅರಬ ರಾಷ್ಟ್ರಗಳು ಎಣ್ಣೆಯನ್ನು ಕಡಮೆಮಾಡಿದುವು. ಈ ಬಾರಿ ಹಡಗುಪಡೆ ಹೊರಡಲಿಲ್ಲ. ಅಮೆರಿಕದ ಮಿತ್ರನಾಗಿದ್ದರೂ, 1967ರಲ್ಲಿ ಆಕ್ರಮಿಸಿದ ನೆಲವನ್ನು ಇಸ್ರೇಲು ಬಿಡಬೇಕೆಂದು ಜಪಾನಿನ ಮಂತ್ರಿಮಂಡಲವು ನವೆಂಬರಿನಲ್ಲಿ ಸಾರಿತು. ಅರಬರ ಸ್ನೇಹವನ್ನು ಅರಸಿತು.

ಅಗತ್ಯವು ಎರಡು ಕಾಲದಲ್ಲಿಯೂ ಒಂದೇ, ನೀತಿಗಳು ಬೇರೆ. ಸಂಪತ್ತು ರಾಷ್ಟ್ರದ ಮಾತಿಗೆ ತೂಕವನ್ನು ಕೊಡುವುದು, ಅದರ ಕೊರತೆಗಳನ್ನೂ ಹಿಗ್ಗಿಸುವುದು. ಆ ಕೊರತೆಯನ್ನು ಕತ್ತಿಯಿಂದ ನೀಗಬೇಕೇ ತಕ್ಕಡಿಯಿಂದ ನೀಗಬೇಕೇ ಎಂಬುದನ್ನು ನಿರ್ಣಯಿಸುವುದು ವಿವೇಕದ ಕೆಲಸ. ಕೌಟಿಲ್ಯನ ಗಣನೆಯಲ್ಲಿ ಅಮಾತ್ಯನು ಕೋಶಕ್ಕಿಂತಲೂ ಮೊದಲು ಬರುವುದನ್ನು ಇಲ್ಲಿ ನೆನೆಯುವುದು ಉಚಿತ.