ಬನವಾಸಿಯ ಕಲ್ಲು, ಕ್ಯಾಂಪಿನ ಬೋರ್ಡು

ಮಳಗಿಯಿಂದ ದಕ್ಷಿಣಕ್ಕೆ ಹೋದರೆ ಬನವಾಸಿ, ಉತ್ತರಕ್ಕೆ ಹೋದರೆ ಮುಂಡಗೋಡದ ಟಿಬೆಟನ್ ಕ್ಯಾಂಪ್. ಹೈಸ್ಕೂಲಿನಲ್ಲಿದ್ದಾಗ ಎರಡೂ ಕಡೆ ಹೋಗಿದ್ದೆ, ಎರಡೂ ಕಡೆ ಓದಲು ಬಾರದ ಅಕ್ಷರ ನೋಡಿದ್ದೆ. ಒಂದು, ಮಧುಕೇಶ್ವರ ದೇವಸ್ಥಾನದಲ್ಲಿರುವ ಐದು ಹೆಡೆಯ ನಾಗರಕಲ್ಲಿನ ಬರಹ. ಇನ್ನೊಂದು ಕ್ಯಾಂಪಿನ ಬೋರ್ಡುಗಳದು. ಮೊದಲನೆಯದು ನಮ್ಮ ಹಿರಿಯರದು, ಎರಡನೆಯದು ಪರದೇಶದವರದು ಎಂದು ತಿಳಿದಿದ್ದೆ. ಕ್ಯಾಂಪಿನ ಅಕ್ಷರಗಳನ್ನು ನಾವು ಹುಡುಗರು ಕತ್ತಿ, ಕುಡಗೋಲು ಎಂದು ಹಾಸ್ಯ ಮಾಡಿದ್ದೂ ಉಂಟು.

ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ, ಹೊರರಾಜ್ಯದ ಸಹೋದ್ಯೋಗಿಯೊಬ್ಬ ಕನ್ನಡದ ಬೋರ್ಡು ನೋಡಿ ‘ಜಿಲೇಬಿ’ ಎಂದ. ಸಿಟ್ಟು ಬಂತು. ಜೊತೆಗೇ ಆ ಕುಡಗೋಲು ನೆನಪಾಗಿ ಬಾಯಿ ಕಟ್ಟಿತು.

ಅಕ್ಷರಗಳ ಒಳಗುಟ್ಟು ತಿಳಿದದ್ದು ಕೆಲಸದಿಂದಲೇ. ‘ಸ್ತ್ರೀ’ ಎಂಬುದು ನಮಗೆ ಒಂದೇ ಅಕ್ಷರ. ಯೂನಿಕೋಡ್ ಪದ್ಧತಿಯಲ್ಲಿ ಕಂಪ್ಯೂಟರಿಗೆ ಅದು 6 ಸಂಕೇತ: ಸ, ವಿರಾಮ, ತ, ವಿರಾಮ, ರ, ದೀರ್ಘ ಈಕಾರದ ಗುರುತು. ಇಂಗ್ಲಿಷನ್ನಷ್ಟೇ ಮನಸ್ಸಿನಲ್ಲಿಟ್ಟು ಬರೆದ ಪ್ರೋಗ್ರಾಮು ಇದನ್ನು ನಡುವೆ ಕತ್ತರಿಸಿಬಿಡುತ್ತದೆ. ಪರದೆಯ ಮೇಲೆ ಅರ್ಧ ಅಕ್ಷರ ನಿಂತಿರುತ್ತದೆ. ಟಿಬೆಟನ್ ಲಿಪಿಗೂ ಇದೇ ಗೋಳು, ಏಕೆಂದರೆ ಅಲ್ಲಿಯೂ ಒತ್ತಕ್ಷರವಿದೆ. ನಾವು ‘ಕ್ಯ’ ಬರೆಯುವಂತೆ ಅವರೂ ಕಕಾರದ ಕೆಳಗೆ ಯಕಾರವನ್ನು ಜೋತುಬಿಡುತ್ತಾರೆ. ಇ, ಉ, ಎ, ಒ ಸ್ವರಗಳಿಗೆ ಗುರುತುಗಳಿವೆ. ಗುರುತಿಲ್ಲದಿದ್ದರೆ ಅಕಾರ ತಾನಾಗಿಯೇ ಸೇರಿರುತ್ತದೆ. ಅಂದರೆ ಕಾಗುಣಿತವೇ.

ಉಚ್ಚಾರದ ಒಂದೊಂದು ತುಂಡಿಗೆ ಒಂದೊಂದು ಗುರುತು ಇಡುವ ಎಲ್ಲ ಲಿಪಿಗಳೂ ಹೀಗಿಲ್ಲ. ಜಪಾನಿನ ಕನ ಲಿಪಿಯಲ್ಲಿ ಕ, ಕಿ, ಕು ಮೂರಕ್ಕೂ ಸಂಬಂಧವೇ ಇಲ್ಲದ ಮೂರು ಆಕಾರ. ಅಮೆರಿಕದ ಚೆರೋಕಿ ಜನರಿಗೆ 1821ರ ಹೊತ್ತಿಗೆ ಸಿಕ್ವೋಯಾ ಎಂಬವನು ಲಿಪಿ ಮಾಡಿಕೊಟ್ಟ. ಅವನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ; ಆದರೂ 80ಕ್ಕೂ ಹೆಚ್ಚು ಗುರುತು ಕಟ್ಟಿದ. ಇಂಗ್ಲಿಷಿನ ಡಬ್ಲ್ಯೂ ಆಕಾರವನ್ನು ಅಲ್ಲಿ ‘ಲ’ ಎಂದು ಓದಬೇಕು! ಆ ದಾರಿ ಹಿಡಿದಿದ್ದರೆ ನಮ್ಮ 34 ವ್ಯಂಜನ, 13 ಸ್ವರಗಳಿಗೆ ಒತ್ತಕ್ಷರ ಬಿಟ್ಟೇ 442 ಆಕಾರ ಬಾಯಿಪಾಠ ಮಾಡಬೇಕಿತ್ತು. ಒಂದನೇ ತರಗತಿಯೇ ಮುಗಿಯುತ್ತಿರಲಿಲ್ಲ.

ನಮ್ಮದೂ ಟಿಬೆಟನ್ನರದೂ ಒಂದೇ ತಾಯಿಬೇರು, ಬ್ರಾಹ್ಮಿ. ಅಶೋಕನ ಶಾಸನಗಳಲ್ಲಿರುವ ಲಿಪಿ ಅದು. ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲೂ ಇದೆ. ಅಲ್ಲಿ ಬರೆದ ಚಪಡ ಎಂಬ ಲಿಪಿಕಾರ, ‘ಲಿಪಿಕಾರ’ ಎಂಬ ಕೊನೆಯ ಮಾತನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಕೆತ್ತಿದ್ದಾನೆ. ಎರಡು ಲಿಪಿ ಬಲ್ಲವನ ಗತ್ತು ಇರಬೇಕು! ಬ್ರಾಹ್ಮಿಯ ‘ಕ’ ಲೆಕ್ಕದ ಕೂಡಿಸುವ ಚಿಹ್ನೆಯಂತಿತ್ತು. ದಕ್ಷಿಣದಲ್ಲಿ ಅದೇ ಲಿಪಿ ಕದಂಬರ ಕಾಲಕ್ಕೆ ಬೇರೆ ರೂಪ ತಳೆಯಿತು. ಬನವಾಸಿ ಹತ್ತಿರದ ಗುಡ್ನಾಪುರದಲ್ಲಿ ರವಿವರ್ಮನ ಶಾಸನವಿದೆ. ಭಾಷೆ ಸಂಸ್ಕೃತ, ಆದರೆ ಅಕ್ಷರಗಳು ಇಂದಿನ ಕನ್ನಡದ ಪೂರ್ವಜರು. ಅಲ್ಲಿಂದ ಹಂತಹಂತವಾಗಿ ಅಕ್ಷರ ದುಂಡಗಾಯಿತು. ಉತ್ತರದಲ್ಲಿ ಬ್ರಾಹ್ಮಿ ಗುಪ್ತಲಿಪಿಯಾಗಿ, 7ನೇ ಶತಮಾನದಲ್ಲಿ ಹಿಮಾಲಯ ದಾಟಿ ಟಿಬೆಟ್ ಸೇರಿತು. ಅದನ್ನು ಒಯ್ದವನು ತೋನ್ಮಿ ಸಂಭೋಟ ಎಂದು ಅವರ ಪರಂಪರೆ ಹೇಳುತ್ತದೆ.

ಇನ್ನು ನಾನು ‘ನಮ್ಮದು’ ಎಂದುಕೊಂಡಿದ್ದ ಬನವಾಸಿಯ ನಾಗರಕಲ್ಲು? ಅದು ಕದಂಬರಿಗಿಂತ ಹಿಂದಿನ ಚುಟು ಅರಸರ ಕಾಲದ್ದು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಅದರ ಮೇಲೆ ನಮಗೆಷ್ಟು ಹಕ್ಕೋ ಕ್ಯಾಂಪಿನವರಿಗೂ ಅಷ್ಟೇ. ಸಾವಿರಕ್ಕೂ ಹೆಚ್ಚು ವರ್ಷ ಟಿಬೆಟ್ಟಿನಲ್ಲಿದ್ದ ಆ ಅಕ್ಷರ, 1966ರಲ್ಲಿ ನಿರಾಶ್ರಿತರ ಜೊತೆ ನಮ್ಮ ತಾಲೂಕಿಗೇ ಬಂತು. ದಾಯಾದಿ ಊರಿಗೆ ಬಂದದ್ದು ನಮಗೆ ಗೊತ್ತಾಗಲಿಲ್ಲ, ಅಷ್ಟೆ.

ಕಳೆದ ಸಲ ಊರಿಗೆ ಬಂದಾಗ ಕ್ಯಾಂಪಿನ ಹೋಟೆಲೊಂದರಲ್ಲಿ ಮೊಮೊ ತಿನ್ನುತ್ತಿದ್ದೆ. ಪಕ್ಕದ ಟೇಬಲ್ಲಿನಲ್ಲಿ ಪುಟ್ಟ ಹುಡುಗಿಯೊಬ್ಬಳು ನೋಟ್‌ಬುಕ್ಕಿನ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದುತ್ತಿದ್ದಳು: ಕ, ಖ, ಗ, ಙ. ಉಚ್ಚಾರ ಕೊಂಚ ಬೇರೆ, ಸಾಲು ನಮ್ಮದೇ. ತಡೆಯಲಾರದೆ, “ಘ ಬಿಟ್ಟೆಯಲ್ಲ ಪುಟ್ಟಿ?” ಎಂದೆ. ಅವಳು ತಲೆಯೆತ್ತಿ ನೋಡಿ, “ಘ ಇಲ್ಲ ಅಂಕಲ್” ಎಂದು ಕನ್ನಡದಲ್ಲೇ ಹೇಳಿ, ಚ, ಛ, ಜ, ಞ ಎಂದು ಮುಂದುವರಿಸಿದಳು.