ಸಂತ ಜೋಸೆಫ್ ವಾಜ್

ಸಂತ ಜೋಸೆಫ್ ವಾಜ್ (1651–1711): ಗೋವೆಯಲ್ಲಿ ಹುಟ್ಟಿ, ಕೆನರಾ ಕರಾವಳಿಯಲ್ಲಿ ಮೂರು ವರ್ಷ ದುಡಿದು, ಸಿಂಹಳದಲ್ಲಿ ಇಪ್ಪತ್ತನಾಲ್ಕು ವರ್ಷ ಸೇವೆ ಮಾಡಿ ಅಲ್ಲೇ ತೀರಿಕೊಂಡ ಕಥೊಲಿಕ ಪಾದ್ರಿ. ಲೋಕ ಅವರನ್ನು ಸಿಂಹಳದ ಸಂತನೆಂದು ಬಲ್ಲದು. ಕರ್ನಾಟಕದ ಕರಾವಳಿಗೆ ಅವರು ಮೊದಲು ಮೇಷ್ಟರು.

ಜನನ 1651ರ ಏಪ್ರಿಲ್ 21ರಂದು, ಸಾಷ್ಟಿ ಸೀಮೆಯ ಬಾಣಾವಲಿಯಲ್ಲಿ. ಅದು ತಾಯಿಯ ತವರು. ತಂದೆ ಕ್ರಿಸ್ತೊವಾವ್ ವಾಜ್ ಸಾಂಕವಾಳದವರು, ತಾಯಿ ಮರಿಯಾ ದೆ ಮಿರಾಂದಾ. ಮನೆಮಾತು ಕೊಂಕಣಿ. ಹುಡುಗ ಪೋರ್ಚುಗೀಸ್ ಕಲಿತದ್ದು ಸಾಂಕವಾಳದಲ್ಲಿ, ಲ್ಯಾಟಿನ್ ಬಾಣಾವಲಿಯಲ್ಲಿ. ಆಮೇಲೆ ಹಳೆ ಗೋವೆಯ ಸಂತ ಪೌಲರ ಕಾಲೇಜು, ಅಲ್ಲಿಂದ ಮುಂದೆ ದೊಮಿನಿಕನ್ ಗುರುಗಳ ಬಳಿ ತತ್ತ್ವಶಾಸ್ತ್ರ ಮತ್ತು ದೈವಶಾಸ್ತ್ರ. 1675ರಲ್ಲಿ ಅವರಿಗೆ ಉಪಯಾಜಕ ದೀಕ್ಷೆ ಕೊಟ್ಟವರು ಬಿಜಾಪುರ ಮತ್ತು ಗೋಲ್ಕೊಂಡ ಪ್ರಾಂತ್ಯಕ್ಕೆ ರೋಮ್ ನೇಮಿಸಿದ್ದ ಧರ್ಮಾಧ್ಯಕ್ಷ ಕುಸ್ತೊದಿಯೊ ದೆ ಪಿನ್ಹೊ. ಇವರೂ ಗೋವೆಯವರೇ. ಮುಂದಿನ ವರ್ಷ ಗುರುದೀಕ್ಷೆಯಾಯಿತು. ಅಂದಿನಿಂದ ಅವರು ಬಡವರಂತೆ ಬರಿಗಾಲಿನಲ್ಲೇ ನಡೆದರು.

ಪಾದ್ರಿಯಾದ ಮೇಲೆ ಅವರು ಹಚ್ಚಿಕೊಂಡ ಮೊದಲ ಕೆಲಸಗಳಲ್ಲಿ ಪಾಠ ಹೇಳುವುದೂ ಒಂದು. ಸಾಂಕವಾಳದಲ್ಲಿ ಲ್ಯಾಟಿನ್ ಶಾಲೆ ತೆರೆದು, ಪಾದ್ರಿಗಳಾಗಬೇಕೆಂದಿದ್ದ ಊರ ಹುಡುಗರನ್ನು ಕೂರಿಸಿಕೊಂಡರು. ಆಗಿನ ಗೋವೆಯಲ್ಲಿ ಇದು ಸಣ್ಣ ಮಾತಲ್ಲ. ಸ್ಥಳೀಯರು ಪಾದ್ರಿಗಳಾಗಬಹುದಿತ್ತು, ಆದರೆ ಯುರೋಪಿನ ಸನ್ಯಾಸಿ ಸಂಘಗಳ ಬಾಗಿಲು ಅವರಿಗೆ ಹೆಚ್ಚುಕಡಿಮೆ ಮುಚ್ಚಿಯೇ ಇತ್ತು. ಮೇಲೇರಲು ಲ್ಯಾಟಿನ್ ಬೇಕು. ಅದನ್ನು ಹಳ್ಳಿಯ ಹುಡುಗನಿಗೆ ಹಳ್ಳಿಯಲ್ಲೇ ಸಿಗುವಂತೆ ಮಾಡಿದವರು ವಾಜ್.

ಕೆನರಾಕ್ಕೆ ಅವರು ಬಂದದ್ದು 1681ರಲ್ಲಿ, ಅಲ್ಲಿನ ಮಿಷನ್ನಿನ ಮುಖ್ಯಸ್ಥರಾಗಿ. ಬಂದ ನೆಲದ ಸ್ಥಿತಿ ತಿಳಿಯದೆ ಅವರ ಕೆಲಸದ ತೂಕ ತಿಳಿಯುವುದಿಲ್ಲ. ಹೊನ್ನಾವರ, ಗಂಗೊಳ್ಳಿ, ಬಸರೂರು, ಮಂಗಳೂರುಗಳ ಪೋರ್ಚುಗೀಸ್ ಕೋಟೆಗಳನ್ನು ಕೆಳದಿಯ ಶಿವಪ್ಪ ನಾಯಕ 1652ರಿಂದ 1654ರೊಳಗೆ ಗೆದ್ದುಕೊಂಡಿದ್ದ. ಕೋಟೆ ಹೋದ ಮೇಲೆ ಅದರ ನೆರಳಿನಲ್ಲಿದ್ದ ಕ್ರೈಸ್ತ ಕುಟುಂಬಗಳು ದಿಕ್ಕಿಲ್ಲದಂತಾದವು: ಇಗರ್ಜಿಗಳು ಬಿದ್ದಿದ್ದವು, ಪಾದ್ರಿಗಳಿರಲಿಲ್ಲ, ಮಕ್ಕಳಿಗೆ ಜಪ ಕಲಿಸುವವರಿರಲಿಲ್ಲ. ಆದರೆ ಗೋವೆಯ ಒಲೆಗೆ ಕೆನರಾದ ಅಕ್ಕಿ ಬೇಕಿತ್ತು. ಹಾಗಾಗಿ ಪೋರ್ಚುಗೀಸರು ಕೆಳದಿಯೊಡನೆ ಮತ್ತೆ ಮಾತುಕತೆಗೆ ಬಂದರು. 1678ರ ಒಪ್ಪಂದದಲ್ಲಿ ಮಂಗಳೂರಿನಲ್ಲಿ ವ್ಯಾಪಾರದ ಕೋಠಿ ಇಡಲು, ಕರಾವಳಿಯಲ್ಲಿ ಇಗರ್ಜಿ ಕಟ್ಟಿಕೊಳ್ಳಲು ಅವರಿಗೆ ಒಪ್ಪಿಗೆ ಸಿಕ್ಕಿತು. ಆಗ ಕೆಳದಿಯನ್ನು ಆಳುತ್ತಿದ್ದವಳು ರಾಣಿ ಚೆನ್ನಮ್ಮಾಜಿ, ಮುಂದೆ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟವಳು. ವಾಜ್ ಪಾಠ ಹೇಳಿದ್ದು ಅವಳ ಸೀಮೆಯಲ್ಲಿ. ಪಕ್ಕದಲ್ಲಿ ಕೋಠಿಯಿತ್ತು ನಿಜ, ಅಧಿಕಾರ ಮಾತ್ರ ಕೆಳದಿಯದು. ಪರಂಗಿಯವರ ಬಲದಿಂದ ಧರ್ಮ ನಡೆಸುವ ಹಳೆಯ ದಾರಿ ಇಲ್ಲಿ ಮುಚ್ಚಿಹೋಗಿತ್ತು.

ಇದರ ಜೊತೆಗೆ ಮನೆಯೊಳಗೇ ಜಗಳ. ಪೂರ್ವ ದೇಶಗಳ ಧರ್ಮಸಭೆಯ ಮೇಲೆ ಪೋರ್ಚುಗಲ್ ದೊರೆಗೆ ಪೋಪರು ಕೊಟ್ಟಿದ್ದ ಹಕ್ಕು 'ಪದ್ರುವಾದೊ'. ರೋಮ್ ಅದನ್ನು ಬದಿಗಿಟ್ಟು ಕೆನರಾಕ್ಕೆ ನೇರವಾಗಿ ತೋಮಸ್ ದೆ ಕಾಸ್ತ್ರೊ ಎಂಬ ಬಿಷಪ್‌ರನ್ನು ನೇಮಿಸಿತ್ತು. ಚೆನ್ನಮ್ಮಾಜಿಯಿಂದ ಜಾಗ ಪಡೆದು 1680ರಲ್ಲಿ ಮಂಗಳೂರಿನ ಮಿಲಾಗ್ರಿಸ್ ಇಗರ್ಜಿ ಕಟ್ಟಿಸಿದವರು ಇವರೇ. ಗೋವೆಯ ಕಡೆಯವರು ಅವರನ್ನು ಒಪ್ಪಲಿಲ್ಲ. ಯಾರು ಹೇಳಿದ ಪೂಜೆ ಸಲ್ಲುತ್ತದೆ, ಯಾರು ಮಾಡಿಸಿದ ಮದುವೆ ಸಲ್ಲುವುದಿಲ್ಲ ಎಂದು ಜನ ಎರಡು ಪಾಲಾಗಿದ್ದರು. ಗೋವೆ ಕಳಿಸಿದ ವಾಜ್ ಗೋವೆಯ ಪರವಾಗಿ ವಾದ ಹೂಡಬಹುದಿತ್ತು. ಅವರು ಬಿಷಪ್‌ರನ್ನು ಹೋಗಿ ಕಂಡರು, ಗೌರವದಿಂದ ಮಾತಾಡಿದರು, ಎರಡೂ ಕಡೆಯವರು ಒಪ್ಪುವ ದಾರಿ ಹುಡುಕಿದರು. ಅವರ ಬದುಕಿನ ದೊಡ್ಡ ಗುಣ ಕಾಣುವುದು ಪವಾಡಗಳಿಗಿಂತ ಹೆಚ್ಚಾಗಿ ಇಲ್ಲಿ.

ಜಗಳ ತಣಿಯುವವರೆಗೂ ಕಾಯದೆ ಅವರು ಊರೂರು ಅಲೆದರು. ಮಂಗಳೂರು, ಮೂಲ್ಕಿ, ಕಲ್ಯಾಣಪುರ, ಬಾರ್ಕೂರು, ಬಸರೂರು, ಕುಂದಾಪುರ, ಗಂಗೊಳ್ಳಿಗಳು ಅವರ ತಿರುಗಾಟದ ಊರುಗಳು. ಬಿದ್ದ ಇಗರ್ಜಿಗಳನ್ನು ಎತ್ತಿ ನಿಲ್ಲಿಸಿದರು, ಶಾಲೆ ತೆರೆದರು, ಭಕ್ತರ ಕೂಟಗಳನ್ನು ಕಟ್ಟಿದರು. ಪಾದ್ರಿ ಬೇರೆ ಊರಿಗೆ ಹೋದರೂ ಜಪ ನಿಲ್ಲಬಾರದು, ಮಕ್ಕಳ 'ದೊತೊರ್ನ್' (ಕರಾವಳಿಯ ಕೊಂಕಣಿ ಕ್ರೈಸ್ತರು ಧರ್ಮಪಾಠಕ್ಕೆ ಇಂದಿಗೂ ಹೇಳುವ ಮಾತು) ತಪ್ಪಬಾರದು ಎಂಬುದು ಇದರ ಹಿಂದಿನ ಲೆಕ್ಕ. ಹಣ ತೆತ್ತು ಸೆರೆಯಾಳುಗಳನ್ನು ಬಿಡಿಸಿದರೆಂದೂ ಜೀವನಚರಿತ್ರೆಗಳು ಹೇಳುತ್ತವೆ. ಈ ಮೂರು ವರ್ಷಗಳನ್ನು ಸಿಂಹಳದ ಕಥೆಗೆ ಮುನ್ನುಡಿಯೆಂಬಂತೆ ಒಂದು ಪುಟದಲ್ಲಿ ಮುಗಿಸುವ ವಾಡಿಕೆಯಿದೆ, ಅದು ಸರಿಯಲ್ಲ. ರಾಜಬಲವಿಲ್ಲದ ನೆಲದಲ್ಲಿ, ಪಾದ್ರಿಯಿಲ್ಲದ ಊರಲ್ಲಿ ನಂಬಿಕೆ ಉಳಿಸುವುದು ಹೇಗೆಂಬ ಪಾಠವನ್ನು ವಾಜ್ ಕಲಿತದ್ದು ಇಲ್ಲಿಯೇ.

1684ರಲ್ಲಿ ಗೋವೆಗೆ ಮರಳಿದ ಅವರು ಮರುವರ್ಷ ಹಳೆ ಗೋವೆಯ ಪವಿತ್ರ ಶಿಲುಬೆಯ ಇಗರ್ಜಿಯಲ್ಲಿ ಒಟ್ಟಾಗಿ ಬಾಳುತ್ತಿದ್ದ ಗೋವೆಯ ಪಾದ್ರಿಗಳ ಗುಂಪನ್ನು ಸೇರಿ ಅದರ ಹಿರಿಯರಾದರು. ಅದೇ ಒರೆಟರಿ ಸಂಘ, ಪೂರ್ತಿ ಸ್ಥಳೀಯರಿಂದಲೇ ಆದದ್ದು. ಸಿಂಹಳದಲ್ಲಿ ಡಚ್ಚರು 1656ರಲ್ಲಿ ಕೊಲಂಬೊ, 1658ರಲ್ಲಿ ಜಾಫ್ನಾ ಹಿಡಿದ ಮೇಲೆ ಕಥೊಲಿಕ ಪಾದ್ರಿಗಳನ್ನು ಹೊರದಬ್ಬಿದ್ದರು. ಅಲ್ಲಿಗೆ ಹೋಗಬೇಕೆಂದು 1686ರಲ್ಲಿ ಹೊರಟ ವಾಜ್ ದಾರಿಯಲ್ಲಿ ಮತ್ತೆ ಕೆನರಾದಲ್ಲಿ ತಂಗಿ, ತೂತುಕುಡಿಯಿಂದ ಕೂಲಿಯವನ ವೇಷದಲ್ಲಿ ಹಡಗು ಹತ್ತಿ, 1687ರಲ್ಲಿ ಜಾಫ್ನಾ ಮುಟ್ಟಿದರು. ಇಳಿದಾಗ ಆಮಶಂಕೆಯಿಂದ ಜೀವ ಹೋಗುವಂತಾಗಿತ್ತು. ಚೇತರಿಸಿಕೊಂಡು, ಕೊರಳಿಗೆ ಜಪಮಾಲೆ ಹಾಕಿಕೊಂಡು ಮನೆಮನೆ ಭಿಕ್ಷೆ ಬೇಡಿದರು. ಮಾಲೆ ಕಂಡು ಯಾರ ಕಣ್ಣು ಅರಳುತ್ತದೋ ಅವರು ತಮ್ಮವರು.

1692ರಲ್ಲಿ ಕ್ಯಾಂಡಿಗೆ ಹೋದಾಗ ಪೋರ್ಚುಗೀಸರ ಗೂಢಚಾರನೆಂದು ಸೆರೆಯಾಯಿತು. ತಮಿಳು ಮೊದಲೇ ಕಲಿತಿದ್ದರು, ಸೆರೆಯಲ್ಲಿ ಸಿಂಹಳ ನುಡಿಯನ್ನೂ ಕಲಿತರು. ಬೌದ್ಧನಾದ ದೊರೆ ವಿಮಲಧರ್ಮಸೂರ್ಯ ಮುಂದೆ ಅವರಿಗೆ ರಾಜ್ಯದಲ್ಲಿ ತಿರುಗಾಡುವ ಸ್ವಾತಂತ್ರ್ಯ ಕೊಟ್ಟ. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿ, ಮನೆಯವರೇ ರೋಗಿಗಳನ್ನು ಬಿಟ್ಟು ಓಡಿದಾಗ, ವಾಜ್ ಮತ್ತು ಅವರ ಸೋದರಳಿಯ ಜೋಸೆಫ್ ದೆ ಕರ್ವಾಲ್ಯೊ ಮತ ಕೇಳದೆ ಆರೈಕೆ ಮಾಡಿದರು, ಸತ್ತವರನ್ನು ಮಣ್ಣು ಮಾಡಿದರು. 1705ರಲ್ಲಿ ಗೋವೆಯಿಂದ ಬಂದ ಜಾಕೊಮೆ ಗೊನ್ಸಾಲ್ವೆಸ್ ಸಿಂಹಳ ಕ್ರೈಸ್ತ ಸಾಹಿತ್ಯದ ಮೂಲಪುರುಷರಾದರು. ವಾಜ್ 1711ರ ಜನವರಿ 16ರಂದು ಕ್ಯಾಂಡಿಯಲ್ಲೇ ಕಣ್ಮುಚ್ಚಿದರು. ಹುಟ್ಟೂರಿಗೆ ಮರಳಲೇ ಇಲ್ಲ.

ಒರೆಟರಿಯವರೇ ಆದ ಸೆಬಾಸ್ತಿಯಾವ್ ದೊ ರೇಗೊ ಬರೆದ ಜೀವನಚರಿತ್ರೆ 1745ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚಾಯಿತು. ಪೋಪ್ ಎರಡನೇ ಜಾನ್ ಪಾಲ್ 1995ರ ಜನವರಿ 21ರಂದು ಅವರನ್ನು ಪುನೀತರೆಂದು, ಪೋಪ್ ಫ್ರಾನ್ಸಿಸ್ 2015ರ ಜನವರಿ 14ರಂದು ಸಂತರೆಂದು ಸಾರಿದರು; ಎರಡೂ ಕೊಲಂಬೊದಲ್ಲಿ. ಕರಾವಳಿಯ ನೆನಪು ಬೇರೆ ಬಗೆಯದು. ಗಂಗೊಳ್ಳಿಯಲ್ಲಿ ಶಿಲುಬೆಯ ಮುಂದೆ ಜಪದಲ್ಲಿ ಮೈಮರೆತು ನೆಲಬಿಟ್ಟು ಮೇಲೆದ್ದರೆಂದು ಹೇಳುವವರಿದ್ದಾರೆ. ಮಂಗಳೂರಿನ ಹತ್ತಿರದ ಮುಡಿಪು ಗುಡ್ಡದಲ್ಲಿ, ಅವರು ಮೊಣಕಾಲೂರಿದ ಕಡೆ ಮೂರು ಒರತೆ ಚಿಮ್ಮಿತೆಂಬ ಐತಿಹ್ಯವಿದೆ. ಅಲ್ಲೀಗ ಅವರ ಹೆಸರಿನ ಪುಣ್ಯಕ್ಷೇತ್ರವಿದ್ದು, ಭಕ್ತರು ಗುಡ್ಡ ಹತ್ತುತ್ತಾರೆ. ಹಬ್ಬ ಜನವರಿ 16ಕ್ಕೆ.