ಕಾಯಿಲೆ ಮತ್ತು ಹದಿಹರೆಯದ ಕಾದಂಬರಿ

ಗಂಭೀರ ಕಾಯಿಲೆಯೊಡನೆ ಬದುಕುವ ಹುಡುಗ ಹುಡುಗಿಯರ ಕಥೆ ಹೇಳುವ ಕಾದಂಬರಿ ಇಂಗ್ಲಿಷ್ ಕಿಶೋರ ಸಾಹಿತ್ಯದ ಒಂದು ಮುಖ್ಯ ಕವಲು. 1970ರ ದಶಕದಲ್ಲಿ ಅಮೆರಿಕದಲ್ಲಿ ಅದಕ್ಕೆ ಸ್ಪಷ್ಟ ರೂಪ ಬಂತು. ಅದರ ಚರಿತ್ರೆ ವೈದ್ಯಕೀಯದ ಚರಿತ್ರೆಗೆ ಅಂಟಿಕೊಂಡೇ ನಡೆದಿದೆ. ರೋಗಿಗೆ ಎಷ್ಟು ಕಾಲ ಸಿಕ್ಕಿತೋ ಕಥೆಗೂ ಅಷ್ಟೇ ಜಾಗ ಸಿಕ್ಕಿದೆ.

ಹತ್ತೊಂಬತ್ತನೆಯ ಶತಮಾನದ ಮಕ್ಕಳ ಪುಸ್ತಕಗಳಲ್ಲಿ ಕಾಯಿಲೆ ಹೆಚ್ಚಾಗಿ ನೀತಿಪಾಠವಾಗಿ ಬರುತ್ತಿತ್ತು. ಲೂಯಿಸಾ ಮೇ ಆಲ್ಕಾಟ್ ಅವರ 'ಲಿಟ್ಲ್ ವಿಮೆನ್' (1868–69) ಕಾದಂಬರಿಯ ಬೆತ್, ಬಡವರ ಮಗುವಿನ ಆರೈಕೆಗೆ ಹೋಗಿ ಸ್ಕಾರ್ಲೆಟ್ ಜ್ವರ ತಗುಲಿಸಿಕೊಳ್ಳುತ್ತಾಳೆ. ಜ್ವರ ಇಳಿದರೂ ಚೇತರಿಸಿಕೊಳ್ಳದೆ ಎರಡನೆಯ ಭಾಗದಲ್ಲಿ ತೀರಿಕೊಳ್ಳುತ್ತಾಳೆ. ಸೂಸನ್ ಕೂಲಿಜ್ ಅವರ 'ವಾಟ್ ಕೇಟಿ ಡಿಡ್' (1872) ಕೃತಿಯಲ್ಲಿ ಉಯ್ಯಾಲೆಯಿಂದ ಬಿದ್ದ ತುಂಟಿ ಕೇಟಿ ವರ್ಷಗಟ್ಟಲೆ ಹಾಸಿಗೆ ಹಿಡಿದು, ತಾಳ್ಮೆ ಕಲಿತ ಮೇಲೆಯೇ ಎದ್ದು ನಡೆಯುತ್ತಾಳೆ. ಒಳ್ಳೆಯವರು ಸಾಯುತ್ತಿದ್ದರು, ತಿದ್ದಿಕೊಂಡವರು ಗುಣವಾಗುತ್ತಿದ್ದರು. ನೋವು ಉಂಡವರ ಸಿಟ್ಟಿಗೆ ಅಲ್ಲಿ ಹೆಚ್ಚು ಅವಕಾಶವಿರಲಿಲ್ಲ.

ಈ ಚೌಕಟ್ಟನ್ನು ಒಡೆಯಲು ನೆರವಾದದ್ದು ರಕ್ತದ ಕ್ಯಾನ್ಸರಿನ ಚಿಕಿತ್ಸೆ. ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ 1948ರಲ್ಲಿ ಅಮಿನಾಪ್ಟೆರಿನ್ ಔಷಧಿಯಿಂದ ಮಕ್ಕಳ ಲ್ಯುಕೇಮಿಯಾ ತಾತ್ಕಾಲಿಕವಾಗಿ ಹಿಮ್ಮೆಟ್ಟುವುದನ್ನು ವರದಿ ಮಾಡಿದರು. 1960ರ ದಶಕದಲ್ಲಿ ಹಲವು ಔಷಧಿಗಳನ್ನು ಜೊತೆಗೂಡಿಸಿ ಕೊಡುವ ಪದ್ಧತಿ ಬಂತು. ಅದಕ್ಕೂ ಮೊದಲು ವಾರಗಳಲ್ಲೋ ತಿಂಗಳುಗಳಲ್ಲೋ ಮುಗಿಯುತ್ತಿದ್ದ ಕಾಯಿಲೆ ಈಗ ವರ್ಷಗಳಿಗೆ ಹಿಗ್ಗಿತು. ಗುಣವೂ ಅಲ್ಲದ, ಸಾವೂ ಅಲ್ಲದ ಈ ನಡುಗಾಲವೇ ಹೊಸ ಕಾದಂಬರಿಯ ನೆಲ. ಎಸ್. ಇ. ಹಿಂಟನ್ ಅವರ 'ದಿ ಔಟ್‌ಸೈಡರ್ಸ್' (1967) ಬಂದ ಮೇಲೆ ಹದಿಹರೆಯದವರ ಮಾತಿನಲ್ಲೇ ಅವರ ಕಥೆ ಹೇಳುವ ರೂಢಿಯೂ ಬೆಳೆದಿತ್ತು. ಲೋಯಿಸ್ ಲೌರಿ ಅವರ ಮೊದಲ ಕಾದಂಬರಿ 'ಎ ಸಮ್ಮರ್ ಟು ಡೈ' (1977) ಇವೆರಡನ್ನೂ ಕೂಡಿಸಿತು. ಹದಿಮೂರರ ಮೆಗ್, ಲ್ಯುಕೇಮಿಯಾದಿಂದ ಸಾಯುತ್ತಿರುವ ಅಕ್ಕನ ಬಗ್ಗೆ ತನಗಿದ್ದ ಅಸೂಯೆಯನ್ನೂ ಮುಚ್ಚಿಡದೆ ಹೇಳುತ್ತಾಳೆ. ಲೌರಿ ತಮ್ಮ ಸ್ವಂತ ಅಕ್ಕನನ್ನು ಕ್ಯಾನ್ಸರಿನಿಂದ ಕಳೆದುಕೊಂಡಿದ್ದರು.

1980ರ ದಶಕದಲ್ಲಿ ಲರ್ಲೀನ್ ಮೆಕ್‌ಡೇನಿಯಲ್ ಈ ಬಗೆಯನ್ನು ಅಗ್ಗದ ಪೇಪರ್‌ಬ್ಯಾಕ್ ಪುಸ್ತಕಗಳ ಮೂಲಕ ಶಾಲಾ ಹುಡುಗಿಯರ ಕೈಗೆ ತಲುಪಿಸಿದರು. ಮಗನಿಗೆ ಮೂರನೆಯ ವಯಸ್ಸಿನಲ್ಲೇ ಮಧುಮೇಹ ಬಂದದ್ದು ಅವರನ್ನು ಈ ವಸ್ತುವಿನ ಕಡೆ ತಿರುಗಿಸಿತು. 'ಸಿಕ್ಸ್ ಮಂತ್ಸ್ ಟು ಲಿವ್' (1985) ಅವುಗಳಲ್ಲಿ ಹೆಸರಾದದ್ದು. ವಿಮರ್ಶಕರು ಇವನ್ನು ಕಣ್ಣೀರಿನ ಸರಕೆಂದು ಬದಿಗೊತ್ತಿದರು. ಆದರೂ ರೋಗಿ ಹುಡುಗಿಯನ್ನು ಪಕ್ಕದ ಪಾತ್ರದಿಂದ ನಾಯಕಿಯ ಸ್ಥಾನಕ್ಕೆ ತಂದುದರಲ್ಲಿ ಇವುಗಳ ಪಾಲು ದೊಡ್ಡದು. ಏಡ್ಸ್ ಕುರಿತ ಮೊದಲ ಕಿಶೋರ ಕಾದಂಬರಿಗಳಲ್ಲೊಂದಾದ ಎಂ. ಇ. ಕೆರ್ ಅವರ 'ನೈಟ್ ಕೈಟ್ಸ್' 1986ರಲ್ಲಿ ಬಂತು. ಅಲನ್ ಸ್ಟ್ರಾಟನ್ ಅವರ 'ಚಂದಾಸ್ ಸೀಕ್ರೆಟ್ಸ್' (2004) ಅದೇ ಕಾಯಿಲೆಯನ್ನು ಆಫ್ರಿಕದ ದಕ್ಷಿಣ ಭಾಗದಲ್ಲಿಟ್ಟು, ಊರೆಲ್ಲ ಕಟ್ಟಿಕೊಂಡ ಮೌನವನ್ನು ತೋರಿಸಿತು.

ಬ್ರಿಟನ್ನಿನ ಜೆನ್ನಿ ಡೌನ್‌ಹ್ಯಾಮ್ ಅವರ 'ಬಿಫೋರ್ ಐ ಡೈ' (2007) ಕಾದಂಬರಿಯ ಹದಿನಾರರ ಟೆಸ್ಸಾ, ಸಾಯುವ ಮುನ್ನ ಮಾಡಬೇಕಾದ್ದರ ಪಟ್ಟಿ ಹಿಡಿದು ಹೊರಡುತ್ತಾಳೆ. ಆ ಪಟ್ಟಿಯಲ್ಲಿ ಕಾಮವೂ ಇದೆ, ಕಾನೂನು ಮುರಿಯುವ ಬಯಕೆಯೂ ಇದೆ. ಬೆತ್‌ಳ ಕಾಲದಿಂದ ಇಷ್ಟು ದೂರ ಬಂದ ಮೇಲೆ 2012ರಲ್ಲಿ ಜಾನ್ ಗ್ರೀನ್ ಅವರ 'ದಿ ಫಾಲ್ಟ್ ಇನ್ ಅವರ್ ಸ್ಟಾರ್ಸ್' ಪ್ರಕಟವಾಯಿತು. ಗ್ರೀನ್ ತರುಣರಾಗಿದ್ದಾಗ ಮಕ್ಕಳ ಆಸ್ಪತ್ರೆಯೊಂದರಲ್ಲಿ ಧಾರ್ಮಿಕ ಸಾಂತ್ವನಕಾರರಾಗಿ ಕೆಲಸ ಮಾಡಿದ್ದರು. ಕ್ಯಾನ್ಸರಿನಿಂದ 2010ರಲ್ಲಿ ಹದಿನಾರನೆಯ ವಯಸ್ಸಿನಲ್ಲಿ ತೀರಿಕೊಂಡ ಎಸ್ತರ್ ಅರ್ಲ್ ಎಂಬ ಓದುಗ ಗೆಳತಿಗೆ ಪುಸ್ತಕವನ್ನು ಅರ್ಪಿಸಿದರು. ಆಮ್ಲಜನಕದ ಸಿಲಿಂಡರ್ ಎಳೆದುಕೊಂಡೇ ಓಡಾಡುವ ಕಾದಂಬರಿಯ ನಾಯಕಿ ಹೇಜಲ್, ರೋಗಿಗಳೆಲ್ಲ ವೀರರೆಂಬ ಮಾತನ್ನು ಒಪ್ಪುವುದಿಲ್ಲ. ಅವಳನ್ನು ಉಳಿಸಿಟ್ಟಿರುವ ಔಷಧಿ ಲೇಖಕರ ಕಲ್ಪನೆ. ಅದು ಗುಣಪಡಿಸುವುದಿಲ್ಲ, ಸಮಯ ಕೊಡುತ್ತದೆ. ಇಡೀ ಕಾದಂಬರಿ ನಿಂತಿರುವುದು ಆ ಸಮಯದ ಮೇಲೆ. 2014ರ ಚಲನಚಿತ್ರ ಜಗತ್ತಿನಾದ್ಯಂತ 30 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಜಮ್ಶೆಡ್‌ಪುರದಲ್ಲಿ ನಡೆಯುವ ಹಿಂದಿ ರೂಪ 'ದಿಲ್ ಬೇಚಾರಾ' 2020ರಲ್ಲಿ, ನಾಯಕನಟ ಸುಶಾಂತ್ ಸಿಂಗ್ ರಜಪೂತ್ ತೀರಿಕೊಂಡ ನಂತರ ಬಿಡುಗಡೆಯಾಯಿತು.

ಯಶಸ್ಸಿನ ಬೆನ್ನಿಗೇ ಆಕ್ಷೇಪವೂ ಬಂತು. 2013ರಲ್ಲಿ ಬ್ರಿಟನ್ನಿನ 'ಡೈಲಿ ಮೇಲ್' ಪತ್ರಿಕೆ ಇಂಥ ಪುಸ್ತಕಗಳನ್ನು 'ಸಿಕ್ ಲಿಟ್' ಎಂದು ಕರೆದು, ಎಳೆಯರಿಗೆ ಅಪಾಯಕಾರಿ ಎಂದಿತು. ಹೆಚ್ಚು ತೂಕದ ಟೀಕೆ ಬಂದದ್ದು ಅಂಗವಿಕಲ ಓದುಗರಿಂದ. ನಿಕೋಲಾ ಯೂನ್ ಅವರ 'ಎವ್ರಿಥಿಂಗ್, ಎವ್ರಿಥಿಂಗ್' (2015) ಕಾದಂಬರಿಯಲ್ಲಿ ನಾಯಕಿಗೆ ರೋಗವೇ ಇರಲಿಲ್ಲವೆಂದು ಕೊನೆಗೆ ತಿಳಿಯುತ್ತದೆ. ಹಾಗಾದರೆ ರೋಗವಿದ್ದವರಿಗೆ ಸುಖಾಂತ್ಯವಿಲ್ಲವೇ ಎಂದು ಆ ಓದುಗರು ಕೇಳಿದರು. ಪ್ರಶ್ನೆ ನ್ಯಾಯವಾದದ್ದು.

ರೇಚಲ್ ಲಿಪಿನ್‌ಕಾಟ್ ಅವರ 'ಫೈವ್ ಫೀಟ್ ಅಪಾರ್ಟ್' (2018) ಸಿಸ್ಟಿಕ್ ಫೈಬ್ರೋಸಿಸ್ ಇರುವ ಇಬ್ಬರ ಪ್ರೇಮಕಥೆ. ಪರಸ್ಪರ ಸೋಂಕು ತಗಲದಂತೆ ಅವರು ದೂರವೇ ಇರಬೇಕು. ಅದರ ಚಲನಚಿತ್ರ ಬಂದ 2019ರಲ್ಲೇ ಆ ಕಾಯಿಲೆಯ ಬಹುಪಾಲು ರೋಗಿಗಳಿಗೆ ಒಗ್ಗುವ ಟ್ರೈಕಾಫ್ಟಾ ಔಷಧಿಗೆ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅದೇ ವರ್ಷ ಹ್ಯಾನಾ ಮಾಸ್ಕೊವಿಟ್ಜ್ 'ಸಿಕ್ ಕಿಡ್ಸ್ ಇನ್ ಲವ್' ಪ್ರಕಟಿಸಿದರು. ಅದರ ನಾಯಕಿಗೆ ಸಂಧಿವಾತ, ನಾಯಕನಿಗೆ ಗೋಶೆ ಕಾಯಿಲೆ. ಇಬ್ಬರ ರೋಗವೂ ವಾಸಿಯಾಗುವುದಿಲ್ಲ, ಇಬ್ಬರೂ ಸಾಯುವುದೂ ಇಲ್ಲ.